ತಾಯೆಣ್ಣೆಯ ಜಾಡಿ

"ಮೂಗಿಗೆ ಹಿಡಿದು ನೋಡು ನಸ್ರಾ, ಆಮೇಲೆ ಬೇಕಾದ್ರೆ ನನ್ನ ಬಾಯಿ ಮುಚ್ಚಿಸು!" ಎಂದು ಗಾಲಿಯಾ ಕರಿ ದುಪಟ್ಟಾವನ್ನು ಕೂಟದ ಕೋಣೆ ಮಜ್ಲಿಸಿನ ನಟ್ಟನಡುವೆ ಎಸೆದಳು.

ಎಸೆಯುವ ಅಗತ್ಯವೇನೂ ಇರಲಿಲ್ಲ. ಅವಳು ಬಾಗಿಲಲ್ಲಿದ್ದಾಗಲೇ ಆ ಬಟ್ಟೆಯ ಪರಿಮಳ ಒಳಗೆ ಬಂದು ದಿಂಬಿಗೊರಗಿ ಕೂತಾಗಿತ್ತು. ಮುಂದೆ ಗುಲಾಬಿ, ಅದರ ಹಿಂದೆ ಕೇಸರಿ, ಎಲ್ಲದರ ತಳದಲ್ಲಿ ಶ್ರೀಗಂಧ. ನಿಜ್ವಾ ಊರಿನ ಯಾವ ಹೆಂಗಸನ್ನು ಕಣ್ಣು ಕಟ್ಟಿ ಕೇಳಿದರೂ ಇದು ರಯ್ಯಾಳ ಮಿಶ್ರಣ ಎಂದು ಹೇಳಿಬಿಡುತ್ತಿದ್ದಳು. ಇಲ್ಲಿ ಮನೆಗೊಂದು ಮಿಶ್ರಣ. ಹೆಂಗಸರು ಅಡುಗೆಯ ಗುಟ್ಟನ್ನಾದರೂ ಬಿಟ್ಟುಕೊಟ್ಟಾರು, ಅತ್ತರಿನದನ್ನು ಮಾತ್ರ ಕೊಡುವವರಲ್ಲ.

ಹಿಲಾಲನ ಉಗ್ರಾಣದ ಬೀಗ ತೆಗೆದು ಯಾರೋ ಮನೆತನದ ಅತ್ತರುಗಳ ಮೂಲವಾದ ತಾಯೆಣ್ಣೆಯ ಜಾಡಿ ಹೊತ್ತೊಯ್ದು ನಾಲ್ಕು ದಿನವಾಗಿತ್ತು. ಜಾಡಿ ಇದ್ದ ಜಾಗದಲ್ಲಿ ಈ ದುಪಟ್ಟಾ ಬಿದ್ದಿತ್ತು.

ದುಪಟ್ಟಾ ಹಿಲಾಲನ ವಿಧವೆ ರಯ್ಯಾಳದು. ಗಂಡ ಎದೆ ನಿಂತು ತೀರಿಕೊಂಡು ಮೂರು ತಿಂಗಳಾಗಿದೆ, ಶೋಕದ ಅವಧಿಯಾದ ಇದ್ದತ್ ಇನ್ನೂ ಮುಗಿದಿಲ್ಲ. ಇದ್ದತ್ತಿನಲ್ಲಿರುವ ಹೆಣ್ಣು ಸುಗಂಧ ಮುಟ್ಟುವಂತಿಲ್ಲ. ಹಾಗಾಗಿ ಆ ಬಟ್ಟೆ ಒಂದೇ ಉಸಿರಿಗೆ ಎರಡು ಮಾತು ಹೇಳುತ್ತಿತ್ತು. ರಯ್ಯಾ ಕಳ್ಳಿ, ಅದೂ ಸಾಲದೆಂದು ಗಂಡನ ಶೋಕ ಮುರಿದು ಯಾರಿಗಾಗಿಯೋ ಅತ್ತರು ಹಚ್ಚಿಕೊಂಡವಳು.

ಸಂಜೆಯ ಮಗ್ರಿಬ್ ಬಾಂಗ್ ಕೇಳುವುದರೊಳಗೆ ಮನೆಯ ಹಿರಿಯರು ತೀರ್ಪು ಹೇಳಬೇಕಿತ್ತು. ಮಾತು ನಿಜವೆಂದಾದರೆ ರಯ್ಯಾ ಬರಿಗೈಯಲ್ಲಿ ತವರಿಗೆ ಹೋಗಬೇಕು. ನಾಲ್ಕು ವರ್ಷದ ಮಗಳು ಜುಹೈನಾ ತಂದೆಯ ಮನೆಯಲ್ಲೇ ಉಳಿಯಬೇಕು.

ರಯ್ಯಾ ಒಳಕೋಣೆಯ ಅರೆತೆರೆದ ಬಾಗಿಲ ಹಿಂದೆ ಕೂತಿದ್ದಳು. ಮೈದುನನ ಎದುರು ಬರುವಂತಿರಲಿಲ್ಲ. ಮಗಳು ತೊಡೆಯ ಮೇಲೆ ನಿದ್ದೆಹೋಗಿದ್ದಳು. ನಸ್ರಾಳಿಗೆ ಬಾಗಿಲ ಸಂದಿಯಲ್ಲಿ ಕಾಣುತ್ತಿದ್ದದ್ದು ಮಗುವಿನ ಕೂದಲಲ್ಲಿ ಆಡುತ್ತಿದ್ದ ಒಂದು ಕೈ ಮಾತ್ರ.

ನಸ್ರಾ ಇವತ್ತು ಬೋಳು ಮೈಯಲ್ಲಿ ಬಂದಿದ್ದಳು. ಇದು ಸಣ್ಣ ಸಂಗತಿಯಲ್ಲ. ಪೊಲೀಸ್ ಇಲಾಖೆಯಲ್ಲಿ ಇಷ್ಟು ವರ್ಷ ದುಡಿದು, ಈಗ ಮನೆಮನೆಯ ಗುಟ್ಟು ಬಿಡಿಸುವ ಈ ಹೆಂಗಸು ಮೂರು ಪದರ ಪರಿಮಳವಿಲ್ಲದೆ ಹೊಸ್ತಿಲು ದಾಟಿದವಳಲ್ಲ. ಮಿಂದ ಮೈ ಒದ್ದೆಯಿರುವಾಗಲೇ ಕಿವಿಯ ಹಿಂದೆ, ಕತ್ತಿನ ಗುಳಿಯಲ್ಲಿ ಅಗರುಮರದ ಊದಿನ ಎಣ್ಣೆ. ಉಡುವ ಬಟ್ಟೆಗೆಲ್ಲ ಧೂಪದ ಹೊಗೆ. ಹೊರಡುವಾಗ ಮೇಲಿಂದ ಅಂಬರು. ಅವಳು ಬೀದಿಯ ತಿರುವಿಗೆ ಬಂದಳೆಂದರೆ ಹೋಗಬೇಕಾದ ಮನೆಯಲ್ಲಿ ಖಹ್ವಾ ಕಾಫಿ ಒಲೆಗೇರುತ್ತಿತ್ತು. ಬೆಳಿಗ್ಗೆ ಸೀಸೆಗಳ ಮುಂದೆ ನಿಂತು, ಒಂದನ್ನೂ ಮುಟ್ಟದೆ ಬಂದದ್ದಕ್ಕೆ ಅವಳಿಗೆ ಬೆತ್ತಲೆ ಬಂದಷ್ಟೇ ನಾಚಿಕೆಯಾಗಿತ್ತು.

"ಏನು ನಸ್ರಕ್ಕ, ಮೈಗೇನೂ ಹಚ್ಚದೇ ಬಂದಿದೀರಲ್ಲ? ನಿಮಗೂ ಇದ್ದತ್ತಾ?" ಎಂದ ಮುಹನ್ನಾ. "ಹೇಳಿದ್ರೆ ಅಂಗಡಿಯಿಂದ ಒಂದು ಸೀಸೆ ಕಳಿಸ್ತಿದ್ದೆ."

ಮುಹನ್ನಾ ಸತ್ತ ಹಿಲಾಲನ ತಮ್ಮ, ಗಾಲಿಯಾಳಿಗೂ ತಮ್ಮ. ಕೋಟೆಯ ಕೆಳಗಿನ ಪೇಟೆಯಲ್ಲಿರುವ ಮನೆತನದ ಅತ್ತರಂಗಡಿಯ ಗಲ್ಲಾದ ಮೇಲೆ ಕೂರುವವನು ಇವನೇ. ನೋಡಲು ಚೆಲುವ, ಮಾತಿನಲ್ಲಿ ಜೇನು. ತಿಳಿನೇರಳೆ ದಿಶ್ದಾಶಾ ನಿಲುವಂಗಿ ಮೈಗೆ ಬರೆದ ಹಾಗಿತ್ತು. ಅವನಿಂದ ಬರುತ್ತಿದ್ದ ಊದಿನ ವಾಸನೆಗೆ ಗೋಡೆ ಹಲ್ಲಿಯೂ ಸೀನಬೇಕು.

"ಬೇಟೆನಾಯಿಗೆ ಯಾರಾದ್ರೂ ಅತ್ತರು ಹಚ್ತಾರೇನಪ್ಪಾ?" ಎಂದಳು ನಸ್ರಾ.

ಮನೆಯ ಹಿರಿಯರಾದ ಖಲ್ಫಾನ್ ಫಕ್ಕನೆ ನಕ್ಕರು. ಸತ್ತವನ ಚಿಕ್ಕಪ್ಪ ಅವರು, ಬೆಳಿಗ್ಗೆಯ ಆಡಿನ ಸಂತೆ ಮುಗಿಸಿ ಬಂದಿದ್ದರು. ಅವರ ಬಿಳಿ ಗಡ್ಡ, ಬೆತ್ತ, ಎರಡಕ್ಕೂ ಈ ಮನೆಯಲ್ಲಿ ಎದುರು ಮಾತಿರಲಿಲ್ಲ. "ನಗೋದು ಆಮೇಲೆ," ಎಂದು ತಾವೇ ತಮ್ಮನ್ನು ಗದರಿಸಿಕೊಂಡರು. "ಶುರು ಮಾಡು ತಾಯಿ. ಹೊತ್ತು ಇಳೀತಾ ಇದೆ."

ನಸ್ರಾ ದುಪಟ್ಟಾ ಎತ್ತಿಕೊಂಡಳು. ಮೊದಲು ಒಂದು ಮೂಲೆ ಮೂಸಿದಳು. ಆಮೇಲೆ ನಡುವೆ. ಆಮೇಲೆ ಅಂಚಿನುದ್ದಕ್ಕೂ ಮೂಗು ಹರಿಸಿದಳು, ಸೀರೆ ಅಂಗಡಿಯಲ್ಲಿ ಜರಿ ಪರೀಕ್ಷೆ ಮಾಡುವವರಂತೆ. ಬೇಗ ಮುಗಿಸುವ ಯಾವ ಆತುರವೂ ಅವಳಿಗೆ ಇದ್ದಂತೆ ಕಾಣಲಿಲ್ಲ.

"ಗಾಲಿಯಾ, ನೀನು ಮದುವೆಗೆ ಹೋಗುವಾಗ ಹೇಗೆ ಹಚ್ಕೋತೀಯ?"

"ಎಲ್ಲಾರೂ ಹಚ್ಚೋ ಹಾಗೆ. ಅದೇನು ಕೇಳೋದು?"

"ಹೇಳೇ ಮಾರಾಯ್ತಿ, ಗಂಡಸರಿಗೂ ಸ್ವಲ್ಪ ಬುದ್ಧಿ ಬರಲಿ."

"ಎಣ್ಣೆ ಮೈಗೆ. ಕಿವಿ ಹಿಂದೆ, ಕತ್ತಿಗೆ, ಮಣಿಕಟ್ಟಿಗೆ. ಬಟ್ಟೆಗೆ ಹೊಗೆ. ಆ ಹೊಗೆ ಮೇಲೆ ಕೂತರೇನೇ ಮಿಶ್ರಣ ನಿಲ್ಲೋದು, ಇಲ್ಲಾಂದ್ರೆ ಊಟದ ಹೊತ್ತಿಗೆ ಹಾರಿಹೋಗುತ್ತೆ." ಹೇಳುತ್ತ ಹೇಳುತ್ತ ಗಾಲಿಯಾಳ ದನಿ ಯಾಕೋ ನಿಧಾನವಾಯಿತು.

"ಈಗ ನೀನು ಮೂಸು. ಇದರಲ್ಲಿ ಹೊಗೆ ಎಲ್ಲಿದೆ?"

ಗಾಲಿಯಾ ಬಟ್ಟೆಯನ್ನು ಮೂಗಿಗೆ ಹಿಡಿದಳು. ಹುಬ್ಬು ಗಂಟಾಯಿತು. ಮತ್ತೊಮ್ಮೆ ಹಿಡಿದಳು. "ಹೊಗೆ ಇಲ್ಲ. ಕೆಳಗೆ ಬರೀ ಸೋಪು."

"ಅಯ್ಯೋ, ಅವಸರದಲ್ಲಿ ಹಚ್ಕೊಂಡಿರ್ತಾಳೆ," ಎಂದ ಮುಹನ್ನಾ, ಖರ್ಜೂರದ ಬೀಜ ತಟ್ಟೆಗೆ ಹಾಕುತ್ತ. "ಕದ್ದು ಹಚ್ಚೋಳು ಕೆಂಡ ಹೊತ್ತಿಸಿ ಊರಿಗೆಲ್ಲ ಸಾರ್ತಾಳಾ?"

"ಒಳ್ಳೇ ಮಾತು. ಅವಸರದಲ್ಲೇ ಮೈಗೆ ಹಚ್ಕೊಂಡ್ಳು ಅಂತಿಟ್ಕೋ. ಮೈಯಿಂದ ದುಪಟ್ಟಾಗೆ ವಾಸನೆ ಎಲ್ಲಿ ಹತ್ತಬೇಕು? ಕಿವಿ ತಗಲೋ ಕಡೆ, ಕತ್ತು ಸುತ್ತೋ ಕಡೆ." ನಸ್ರಾ ಬಟ್ಟೆಯನ್ನು ಕಂಬಳಿಯ ಮೇಲೆ ಹರಡಿದಳು. "ಈ ಅಂಚು ನೋಡಿ, ಕಿವಿ ಹತ್ರ ಬರೋದು. ಏನೂ ಇಲ್ಲ. ಆದ್ರೆ ನಾಲ್ಕು ಮೂಲೆಗೂ ಒಂದೊಂದು ಗೆರೆ, ನಡುವೆ ಒಂದು. ದೀಪದ ಹತ್ರ ಹಿಡಿದ್ರೆ ಎಣ್ಣೆ ಮಿನುಗುತ್ತೆ. ಇದನ್ನ ಯಾರೂ ಉಟ್ಟಿಲ್ಲ ದೊಡ್ಡವರೇ. ಒಗೆದು ಒಣಹಾಕಿದ ಬಟ್ಟೆ ಎತ್ಕೊಂಡು ಹೋಗಿ, ಅತ್ತರಿನ ಕಡ್ಡಿಯಲ್ಲಿ ಗೆರೆ ಎಳೆದಿದಾರೆ. ಪಾಪ, ಎಲ್ಲಾ ಕಡೆ ಸಮನಾಗಿ ಎಳೆದಿದಾರೆ. ಅಚ್ಚುಕಟ್ಟಿನ ಜನ."

ಖಲ್ಫಾನರು ಬೆತ್ತದ ಮೇಲೆ ಭಾರ ಹಾಕಿ ಬಗ್ಗಿ ನೋಡಿದರು. ಗೆರೆಗಳು ಅವರಿಗೂ ಕಂಡವು.

ಬಾಗಿಲ ಹಿಂದಿನ ಕೈ ಮಗುವಿನ ತಲೆಯ ಮೇಲೆ ಹಾಗೇ ನಿಂತಿತು.

"ಸರಿ, ಹಾಗಾದ್ರೆ ಅತ್ತರು ಎಲ್ಲಿಂದ ಬಂತು?" ಮುಹನ್ನಾ ಇನ್ನೂ ನಗುತ್ತಲೇ ಇದ್ದ. "ಅವಳ ಮಿಶ್ರಣ ಅವಳ ಹತ್ರ ಬಿಟ್ರೆ ಇನ್ಯಾರ ಹತ್ರ ಇದೆ?"

"ನನ್ನ ಹತ್ರ," ಎಂದಳು ಗಾಲಿಯಾ.

ಹೇಳಿದ ಮೇಲೆ ಅವಳಿಗೇ ಆ ಮಾತಿನ ಭಾರ ತಿಳಿಯಿತು. ಮುಖ ಕೆಂಪಗಾಯಿತು. ಹಿಲಾಲನನ್ನು ಮಣ್ಣು ಮಾಡಿದ ಸಂಜೆಯೇ ರಯ್ಯಾ ತನ್ನ ಸುಗಂಧಗಳನ್ನೆಲ್ಲ ಒಂದು ಬಟ್ಟೆಯಲ್ಲಿ ಹಾಕಿ ಗಾಲಿಯಾಳ ಕೈಗೆ ಕೊಟ್ಟಿದ್ದಳು, ಕಣ್ಣೆದುರು ಇದ್ದರೆ ಕೈ ಹೋದೀತು ಎಂದು. ಆ ಗಂಟನ್ನು ತರಬೇಕೆಂದು ನಸ್ರಾ ಬೆಳಿಗ್ಗೆಯೇ ಹೇಳಿಕಳಿಸಿದ್ದಳು.

"ನೋಡು, ನಾನು ಕಟ್ಟಿದ ಗಂಟು ಹಾಗೇ ಇದೆ!" ಎಂದು ಗಾಲಿಯಾ ಗಂಟು ಬಿಚ್ಚಿದಳು. ಊದಿನ ಸೀಸೆ, ಅಂಬರಿನ ಡಬ್ಬಿ, ಹಸುರು ಗಾಜಿನ ಚಿಕ್ಕ ಸೀಸೆ. ಹಸುರು ಸೀಸೆ ಎತ್ತಿ ಬೆಳಕಿಗೆ ಹಿಡಿದಳು. "ಇದು ಕಂಠದವರೆಗೆ ಇತ್ತು. ನಾನೇ ನೋಡಿದ್ದೆ. ಈಗ ಭುಜಕ್ಕಿಂತ ಕೆಳಗಿದೆ. ನಾನಲ್ಲ! ಅಲ್ಲಾಹನಾಣೆ, ನಾನಲ್ಲ ನಸ್ರಾ!"

ಗಾಲಿಯಾಳಿಗೆ ರಯ್ಯಾಳನ್ನು ಕಂಡರೆ ಆಗದು ಎಂಬುದು ಇಡೀ ನಿಜ್ವಾಕ್ಕೆ ಗೊತ್ತು. ಈ ನಾಲ್ಕು ದಿನ ನಸ್ರಾಳ ಅನುಮಾನವೂ ಅವಳ ಸುತ್ತಲೇ ಗಿರಕಿ ಹೊಡೆದಿತ್ತು. ಆದರೆ ದುಪಟ್ಟಾ ಮೂಸಿದ ಗಳಿಗೆಯಲ್ಲೇ ಆ ಅನುಮಾನ ಕರಗಿತ್ತು. ಈ ಊರಿನ ಯಾವ ಹೆಂಗಸೂ, ಅದರಲ್ಲೂ ಗಾಲಿಯಾಳಂಥ ಗಟ್ಟಿಗಿತ್ತಿ, ಹೊಗೆ ಹಾಕುವುದನ್ನು ಮರೆತು ಮಿಶ್ರಣ ಹಚ್ಚುವುದಿಲ್ಲ. ಸುಳ್ಳಿಗೆ ಹಚ್ಚಿದರೂ ಸರಿಯಾಗಿ ಹಚ್ಚುತ್ತಾಳೆ.

"ನೀನಲ್ಲ ಅಂತ ನಂಗೊತ್ತು, ಕೂತ್ಕೋ. ನಿನ್ನ ಕಪಾಟಿನ ಹತ್ರ ಯಾರು ಬರ್ತಾರೆ?"

"ನಮ್ಮನೆಗೆ ಯಾರು ಬರ್ತಾರೆ? ನಾನೊಬ್ಬಳೇ. ಶುಕ್ರವಾರ ಮಾತ್ರ ಇವನು ಊಟಕ್ಕೆ..."

ಅಲ್ಲಿಗೆ ಗಾಲಿಯಾ ತುಟಿ ಕಚ್ಚಿದಳು.

"ಊಟಕ್ಕೆ ಬಂದೋರೆಲ್ಲ ಕಳ್ಳರಾದ್ರೆ ಊರಿನ ಅಳಿಯಂದಿರೆಲ್ಲ ಜೈಲಲ್ಲಿರಬೇಕು," ಎಂದ ಮುಹನ್ನಾ. ಚಿಕ್ಕಪ್ಪನ ಕಡೆ ತಿರುಗಿದ. "ಇದೇನಿದು ಚಿಕ್ಕಪ್ಪ? ಒಬ್ಬಳು ಮೂಸ್ತಾಳೆ, ಒಬ್ಬಳು ಹೂಂ ಅಂತಾಳೆ. ಸಾಕ್ಷಿ ಎಲ್ಲಿ? ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಹಾಗಾಯ್ತು."

"ಸಾಕ್ಷಿ ಕೊಡ್ತೀನಿ, ಗಾಬರಿ ಬೀಳಬೇಡ," ಎಂದಳು ನಸ್ರಾ.

ಅವಳು ಹಸುರು ಸೀಸೆಯ ಮುಚ್ಚಳ ತೆಗೆದಳು. ಮುಚ್ಚಳಕ್ಕೆ ಅಂಟಿದ ಗಾಜಿನ ಕಡ್ಡಿ ಎಣ್ಣೆಯಿಂದ ಮಿನುಗುತ್ತ ಹೊರಬಂತು. ಒಂದು ಚೂರು ಹತ್ತಿಯ ಜೊತೆ ಅದನ್ನು ಖಲ್ಫಾನರಿಗೆ ಕೊಟ್ಟಳು.

"ದೊಡ್ಡವರೇ, ಇದು ರಯ್ಯಾದೇ ಮಿಶ್ರಣವೋ ಅಲ್ವೋ? ಹತ್ತಿಗೊಂದು ಗೆರೆ ಎಳೆದು ನೋಡಿ ಹೇಳಿ."

ಮುದುಕರು ಗೆರೆ ಎಳೆದರು. ಮೂಸಿದರು. "ಅದೇ. ಸಂಶಯ ಬೇಡ."

ಹೀಗೆ ಹೇಳುತ್ತಲೇ ಅವರ ಎಡಗೈ ತನ್ನಷ್ಟಕ್ಕೆ ತಾನೇ ಮೇಲೆದ್ದಿತು. ದಿಶ್ದಾಶಾದ ಕೊರಳಿನಿಂದ ಇಳಿಬಿದ್ದ ಕುಚ್ಚನ್ನು ಎತ್ತಿ ಹಿಡಿಯಿತು. ಬಲಗೈ ಕಡ್ಡಿಯ ಕೊನೆಯ ತೊಟ್ಟನ್ನು ಆ ಕುಚ್ಚಿಗೆ ಒರೆಸಿತು. ಒರೆಸಿ ಮುಗಿದ ಮೇಲೆ ಮುದುಕರಿಗೆ ತಾವೇನು ಮಾಡಿದೆವೆಂದು ತಿಳಿದದ್ದು.

"ಅಯ್ಯಯ್ಯೋ, ಹೆಂಗಸರ ಅತ್ತರು! ಈ ವಾಸನೆ ಹೊತ್ಕೊಂಡು ಹೋದ್ರೆ ನಮ್ಮ ಮುದುಕಿ ಇವತ್ತು ನನ್ನ ಅಂಗಳದಲ್ಲೇ ಮಲಗಿಸ್ತಾಳೆ!"

ಗಾಲಿಯಾ ಕೂಡ ನಕ್ಕಳು. ನಸ್ರಾ ನಗಲಿಲ್ಲ. ಕಡ್ಡಿಯನ್ನು ಮತ್ತೆ ಸೀಸೆಯಲ್ಲಿ ಅದ್ದಿದಳು.

"ಮುಹನ್ನಾ, ನೀನೂ ಹೇಳಿಬಿಡು. ನೀನು ಅಂಗಡಿಯವನು, ನಿನ್ನ ಮಾತು ಹೆಚ್ಚು."

ಮುಹನ್ನಾ ಕಡ್ಡಿ ತೆಗೆದುಕೊಂಡ. ಹತ್ತಿಗೆ ಗೆರೆ ಎಳೆದ. "ಹೂಂ, ಅವಳದೇ," ಎಂದ. ಎಡಗೈ ಎದೆಯ ಕಡೆಗೆ ಏಳಲು ಹೊರಟು, ನಡುದಾರಿಯಲ್ಲಿ ನಿಂತು, ಮೆಲ್ಲಗೆ ತೊಡೆಯ ಮೇಲಕ್ಕೆ ಇಳಿಯಿತು. ಕಡ್ಡಿಯನ್ನು ಮರಳಿ ಸೀಸೆಗೆ ಹಾಕಲು ನೋಡಿದ. ಸೀಸೆಯ ಬಾಯಿಯನ್ನು ನಸ್ರಾ ಅಂಗೈಯಿಂದ ಮುಚ್ಚಿದ್ದಳು.

ಕಡ್ಡಿಯ ತುದಿಯಲ್ಲಿ ತೊಟ್ಟು ದಪ್ಪವಾಗುತ್ತ ಹೋಯಿತು. ಮೂರು ತಲೆಮಾರಿನ ಅತ್ತರಿನ ವ್ಯಾಪಾರಿ, ಕೈಯಲ್ಲಿ ಒಂದು ಅತ್ತರಿನ ಕಡ್ಡಿ ಹಿಡಿದು, ಅದನ್ನು ಎಲ್ಲಿಡುವುದೆಂದು ತಿಳಿಯದೆ ಕೂತಿದ್ದ. ಕೊನೆಗೆ ತೊಟ್ಟು ಅವನ ಮೊಣಕಾಲ ಮೇಲೆ ಬಿತ್ತು.

"ಒಳ್ಳೇ ಬಟ್ಟೆ ಹಾಳಾಯ್ತಲ್ಲಪ್ಪಾ," ಎಂದಳು ನಸ್ರಾ. "ಕುಚ್ಚು ಯಾಕಿರೋದು? ನಮ್ಮ ದೇಶದ ಗಂಡಸು ಹುಟ್ಟಿದಾಗಿಂದ ಮಾಡ್ಕೊಂಡು ಬಂದಿರೋ ಕೆಲಸ ಅದು. ನಿದ್ದೆಗಣ್ಣಲ್ಲೂ ಮಾಡ್ತಾನೆ. ಕಡ್ಡಿ ಕೈಗೆ ಬಂದ್ರೆ ಕೊನೇ ತೊಟ್ಟು ಕುಚ್ಚಿಗೆ. ಈಗ ದೊಡ್ಡವರು ಮಾಡಿದ್ರಲ್ಲ, ಕೇಳಿ ಮಾಡಿದ್ರಾ? ನೀನೊಬ್ಬ ಯಾಕೆ ತಡೆದೆ?"

"ಅದು... ಹೆಂಗಸರ ಅತ್ತರು ಅಂತ."

"ಅಲ್ಲ. ದುಪಟ್ಟಾಗೆ ಗೆರೆ ಎಳೆದಾಗ ಒಂದ್ಸಲ ಒರೆಸಿ ಕೈ ಸುಟ್ಕೊಂಡಿದೀಯ, ಅದಕ್ಕೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮುಹನ್ನಾನ ಕೈ ನೇರ ಕುಚ್ಚಿಗೇ ಹೋಯಿತು. ಎಲ್ಲರ ಕಣ್ಣೂ ಆ ಕೈಯ ಹಿಂದೆಯೇ ಹೋದವು.

"ದೊಡ್ಡವರ ಕುಚ್ಚು ನೋಡಿ. ತುದಿ ಎಲ್ಲ ಜೇನಿನ ಬಣ್ಣ. ವರ್ಷಗಟ್ಟಲೆ ಎಣ್ಣೆ ಕುಡಿದಿದೆ. ಮುಹನ್ನಾನ ದಿಶ್ದಾಶಾ ಹಳೇದು, ಕೊರಳಪಟ್ಟಿ ಎಣ್ಣೆ ಹತ್ತಿ ಮಾಸಿದೆ. ಕುಚ್ಚು ಮಾತ್ರ ನಿನ್ನೆ ಹುಟ್ಟಿದ ಮಗುವಿನ ಹಾಗಿದೆ. ಹಳೇ ಕುಚ್ಚು ಎಲ್ಲಿ ಹೋಯ್ತು?"

"ಕಿತ್ತುಹೋಗಿತ್ತು. ದರ್ಜಿ ಹೊಸದು ಹಾಕಿದ. ಅದಕ್ಕೂ ಅಪ್ಪಣೆ ಬೇಕಾ?"

"ಬೇಡ. ಕುಚ್ಚು ಕತ್ತರಿಸಿದೆ, ಬಟ್ಟೆ ಒಗೆಸಿದೆ, ಮೇಲೆ ಅರ್ಧ ಸೀಸೆ ಊದು ಸುರ್ಕೊಂಡೆ. ಎಲ್ಲಾ ಸರಿಯಾಗೇ ಮಾಡಿದೀಯ. ಆದ್ರೆ ಕುಚ್ಚು ತೂಗಾಡ್ತಿದ್ದ ಜಾಗದಲ್ಲಿ, ಆ ಎದೆ ಮೇಲಿನ ಬಟ್ಟೆಗೆ, ಗುಲಾಬಿ ಇಳಿದಿದೆ. ನಿನ್ನ ಮೂಗಿಗೆ ತಿಳಿಯಲ್ಲ. ಬೆಳಗಿಂದ ರಾತ್ರಿವರೆಗೆ ಅತ್ತರಿನಲ್ಲೇ ಮುಳುಗಿರೋನ ಮೂಗು ಅದು, ಯಾವತ್ತೋ ಸತ್ತಿದೆ. ನಾನು ಒಳಗೆ ಬಂದು ಸಲಾಂ ಹೇಳಿದಾಗಲೇ ನಂಗೆ ಅದರ ಸುಳಿವು ಸಿಕ್ತು. ಇವತ್ತು ಬೋಳು ಮೈಯಲ್ಲಿ ಬಂದಿದ್ದು ಯಾಕೆ ಅಂದ್ಕೊಂಡೆ?"

"ಸುಳ್ಳು!"

"ಸುಳ್ಳಾದ್ರೆ ನಿಮ್ಮಕ್ಕ ಹೇಳಲಿ. ನಾನು ಪರಕೀಯಳು, ನಿನ್ನ ಎದೆಗೆ ಮೂಗಿಡೋ ಹಾಗಿಲ್ಲ. ಗಾಲಿಯಾ, ಏಳು."

ಗಾಲಿಯಾ ಎದ್ದಳು. ಚಿಕ್ಕಂದಿನಲ್ಲಿ ಎತ್ತಿ ಆಡಿಸಿದ ತಮ್ಮನ ಮುಂದೆ ಮೊಣಕಾಲೂರಿ ಕೂತಳು. ಹೊಸ ಕುಚ್ಚನ್ನು ಬೆರಳಿಂದ ಪಕ್ಕಕ್ಕೆ ಸರಿಸಿ, ಎದೆಯ ಹತ್ತಿರ ಮುಖ ತಂದಳು. ಒಮ್ಮೆ ಉಸಿರೆಳೆದುಕೊಂಡಳು. ತಲೆ ಎತ್ತದೆ ಹಾಗೇ ಇದ್ದಳು. ಮತ್ತೊಮ್ಮೆ ಎಳೆದುಕೊಂಡಳು.

"ಅಕ್ಕಾ..." ಎಂದ ಮುಹನ್ನಾ. "ಅಂಗಡಿಯವನು ನಾನು. ನೂರು ವಾಸನೆ ಹತ್ತಿರುತ್ತೆ."

"ರಯ್ಯಾ ಮಿಶ್ರಣ ಯಾವತ್ತು ಅಂಗಡೀಲಿ ಮಾರಿದೀಯೋ?" ಗಾಲಿಯಾಳ ಕಣ್ಣಿಂದ ನೀರು ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ. "ನಮ್ಮನೇಲಿ ಅನ್ನ ಉಂಡು, ನಾನು ಕೈ ತೊಳೆಯೋಕೆ ಹೋದಾಗ ನನ್ನ ಕಪಾಟು ತೆಗೆದೆಯಾ? ನನ್ನ ಕೈಲೇ ಆ ದುಪಟ್ಟಾ ಎತ್ತಿಸಿ, ನನ್ನ ಬಾಯಲ್ಲೇ ಆ ಹುಡುಗೀನ ಬೈಸಿದೆಯಾ?"

ಕೆನ್ನೆಗೆ ಬಿದ್ದ ಏಟಿನ ಸದ್ದಿಗೆ ಒಳಗೆ ಮಗು ಮಗ್ಗುಲು ಬದಲಿಸಿತು.

ಖಲ್ಫಾನರು ಬೆತ್ತ ನೆಲಕ್ಕೆ ಕುಟ್ಟಿದರು. "ಜಾಡಿ ಎಲ್ಲಿದೆಯೋ?"

ಮುಹನ್ನಾ ಕಂಬಳಿಯ ಕಡೆ ಕಣ್ಣಿಳಿಸಿದ. "ಕಾರಿನ ಡಿಕ್ಕೀಲಿ," ಎಂದ. ಆಮೇಲೆ ಕಟ್ಟೆ ಒಡೆಯಿತು. "ಇಷ್ಟು ವರ್ಷ ಗಲ್ಲಾದ ಮೇಲೆ ಕೂತೋನು ನಾನು! ಗಿರಾಕಿ ಕಾಲು ಹಿಡಿದೋನು ನಾನು! ಅಣ್ಣ ಸಾಯೋ ಮುಂಚೆ ತಾಯೆಣ್ಣೆ ಯಾರ ಕೈಗೆ ಅಂದ? ಅವಳ ಕೈಗೆ. ಆ ಕೂಸು ದೊಡ್ಡದಾಗೋವರೆಗೂ ಅವಳ ಕೈಗೆ! ನಾನೇನು ಬೀದಿಯವನಾ?"

ನಸ್ರಾಳಿಗೆ ಅವನ ಮೇಲೆ ಒಂದು ಕ್ಷಣ ಮರುಕ ಹುಟ್ಟಿತು. ಆದರೆ ಬಾಗಿಲ ಸಂದಿಯಲ್ಲಿ ಆ ಕೈ ಕಂಡಿತು, ಮರುಕ ಇಂಗಿಹೋಯಿತು.

ಆಗ ಬಾಗಿಲ ಹಿಂದಿನಿಂದ, ಈ ನಾಲ್ಕು ದಿನದಲ್ಲಿ ಮೊದಲ ಬಾರಿಗೆ, ರಯ್ಯಾಳ ದನಿ ಕೇಳಿತು. ಅದು ನಡುಗುತ್ತಿರಲಿಲ್ಲ.

"ಮುಹನ್ನಾ, ಅದು ನನ್ನ ಮದುವೆ ದಿನಕ್ಕೆ ಅಂತ ನಾನೇ ಬೆರೆಸಿದ್ದು. ನಿಮ್ಮಣ್ಣನಿಗೆ ಅಂತ ಬೆರೆಸಿದ್ದು. ಮೂರು ತಿಂಗಳು ಅದರ ಮುಚ್ಚಳ ಕೂಡ ಮುಟ್ಟಲಿಲ್ಲ ನಾನು, ಅವರ ನೆನಪಿಗೆ. ನೀನು ಅದನ್ನ ತಗೊಂಡು ಹೋಗಿ ನನ್ನ ಹೆಸರಿಗೆ ಮಸಿ ಬಳಿದೆ. ಇನ್ನು ಈ ಹೊಸ್ತಿಲು ತುಳಿಯಬೇಡ."

"ತುಳಿಯಲ್ಲಮ್ಮ," ಎಂದರು ಖಲ್ಫಾನರು. "ತುಳಿದ್ರೆ ನಾನಿದೀನಿ." ಮುದುಕರು ಕಷ್ಟಪಟ್ಟು ಎದ್ದರು. ಒಳಬಾಗಿಲ ತನಕ ನಡೆದು, ಹೊಸ್ತಿಲಿನ ಈಚೆ ನಿಂತು ತಲೆ ತಗ್ಗಿಸಿದರು. "ಮಗಳೇ, ತಪ್ಪು ಮಾಡಿದ್ವಿ. ಮನೆ ನಿಂದು, ಮಗು ನಿಂದು, ಜಾಡಿ ನಿನ್ನ ಕೈಗೆ. ನಾಳೆ ಮಸೀದಿ ಮುಂದೆ ನಿಂತು ಊರಿಗೆಲ್ಲ ಕೇಳೋ ಹಾಗೆ ಹೇಳ್ತೀನಿ."

ಗಾಲಿಯಾ ಆ ಹೊಸ್ತಿಲಲ್ಲಿ ನಿಲ್ಲಲಿಲ್ಲ. ಸೀದಾ ಒಳಗೆ ನುಗ್ಗಿ ರಯ್ಯಾಳ ತಲೆಗೆ ಮುತ್ತಿಟ್ಟಳು. ಒಳಗೆ ಇಬ್ಬರು ಹೆಂಗಸರು ಅತ್ತ ಸದ್ದು ಕೇಳಿತು. ಮಗು ಎದ್ದು, ಯಾಕೆ ಅಳುತ್ತಿದ್ದಾರೆಂದು ತಿಳಿಯದೆ, ಹಸಿವು ಎಂದಿತು. ಅಳು ಅಲ್ಲಿಗೆ ನಗುವಾಯಿತು.

ನಸ್ರಾಳ ಎದೆ ತುಂಬಿ ಬಂತು. ಗೆದ್ದೆ ಎಂದು ಅವಳು ಬಾಯಿಬಿಟ್ಟು ಹೇಳುವವಳಲ್ಲ, ಆದರೆ ಎರಡು ಚಮಚ ಹಲ್ವಾ ಒಟ್ಟಿಗೇ ಬಾಯಿಗೆ ಹಾಕಿಕೊಂಡಳು. ಅವಳನ್ನು ಬಲ್ಲವರಿಗೆ ಅದರರ್ಥ ಗೊತ್ತಿತ್ತು. ಮನೆಗೆ ಹೋಗಿ ಇವತ್ತು ಯಾವುದನ್ನು ಹಚ್ಚುವುದು ಎಂದು ಆಗಲೇ ಲೆಕ್ಕ ಹಾಕತೊಡಗಿದ್ದಳು. ಗೆದ್ದ ದಿನಕ್ಕೆ ಅಂಬರು ಸಾಲದು, ಮಿಂದು ಹಳೆಯ ಊದನ್ನೇ ತೆಗೆಯಬೇಕು. ನಾಳೆ ಪೇಟೆಯಲ್ಲಿ ತಾನು ಹೋದ ಮೇಲೂ ತನ್ನ ಪರಿಮಳ ನಿಂತಿರಬೇಕು.

ಜಾಡಿ ಬಂತು. ಮುಹನ್ನಾ ಅದನ್ನು ಕಂಬಳಿಯ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೊರಟುಹೋದ. ಬೂದು ಬಣ್ಣದ ಪಿಂಗಾಣಿ ಜಾಡಿ, ಕತ್ತಿಗೆ ಬಟ್ಟೆಯ ಗಂಟು. ಅಜ್ಜನ ಕಾಲದ ಊದಿನ ಎಣ್ಣೆ ಅದು. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಮನೆತನದ ಪ್ರತಿ ಹೊಸ ಅತ್ತರಿಗೂ ಅದರಿಂದ ಒಂದು ಚಮಚ ಬೀಳಬೇಕು, ವರ್ಷಕ್ಕೊಮ್ಮೆ ಹೊಸ ಎಣ್ಣೆ ಅದಕ್ಕೆ ಸೇರಬೇಕು. ಆ ಒಂದು ದಿನ ಬಿಟ್ಟು ಬೇರೆ ದಿನ ಬಿಚ್ಚಿದರೆ ಮನೆಗೆ ಕೇಡು ಎಂಬ ನಂಬಿಕೆ. ಗಂಟು ಹಾಗೇ ಇತ್ತು. ಮುಹನ್ನಾನಿಗೆ ಕದಿಯುವ ಧೈರ್ಯವಿತ್ತು, ಬಿಚ್ಚುವ ಧೈರ್ಯವಿರಲಿಲ್ಲ.

"ಸಿಕ್ಕಿತಲ್ಲ, ಇನ್ನು ಒಳಗಿಟ್ಟುಬಿಡಿ," ಎಂದರು ಖಲ್ಫಾನರು.

"ರಯ್ಯಾ ಒಂದ್ಸಲ ನೋಡಿ ಹೂಂ ಅನ್ನಲಿ," ಎಂದಳು ನಸ್ರಾ. "ಕೊಟ್ಟವರು ಕೊಟ್ಟಿದ್ದು ಏನು ಅಂತ ತೋರಿಸಬೇಕು. ನಾಳೆ ಇನ್ನೊಂದು ಮಾತು ಬೇಡ."

ರಯ್ಯಾ ಹಚ್ಚಿಕೊಳ್ಳುವಂತಿರಲಿಲ್ಲ, ಮೂಸಲು ಅಡ್ಡಿಯಿರಲಿಲ್ಲ. ಗಾಲಿಯಾ ಕೇಡಿಗೆ ಅಳುಕುತ್ತಲೇ ಗಂಟು ಬಿಚ್ಚಿ, ಮುಚ್ಚಳ ತೆಗೆದು, ಜಾಡಿಯನ್ನು ಒಳಕ್ಕೆ ಒಯ್ದಳು.

ಒಳಗಿಂದ ರಯ್ಯಾ ಎರಡು ಸಲ ಉಸಿರೆಳೆದ ಸದ್ದು ಕೇಳಿತು.

"ನಸ್ರಾ ಖಾಲಾ," ಎಂದಳು ರಯ್ಯಾ. ಆ ದನಿಗೆ ನಸ್ರಾ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟಳು. "ಇದು ತಾಯೆಣ್ಣೆ ಅಲ್ಲ. ಕಾರ್ಖಾನೆಯ ಊದು. ಮೊದಲು ಸಿಹಿ, ಆಮೇಲೆ ಸುಟ್ಟ ರಬ್ಬರು. ಯಾರೋ ಬದಲಾಯಿಸಿದಾರೆ."

"ಮುಹನ್ನಾ!" ಎಂದು ಗಾಲಿಯಾ ಕಿರುಚಿದಳು.

"ಅವನಲ್ಲ ಅತ್ತಿಗೆ. ಈ ವಾಸನೆ ನಂಗೆ ಗೊತ್ತು." ರಯ್ಯಾ ಉಸಿರು ಹಿಡಿದು ಹಿಡಿದು ಹೇಳಿದಳು. "ಹಿಲಾಲ್ ಉಗ್ರಾಣದಲ್ಲಿ ಬಿದ್ದಿದ್ದನ್ನ ಬೆಳಿಗ್ಗೆ ಮೊದಲು ನೋಡಿದ್ದು ನಾನು. ಕರ್ಪೂರ ಹಾಕಿ ಮೀಯಿಸೋಕೆ ಮುಂಚೆ, ಅವರ ತುಟಿ ಮೇಲೆ, ಮೀಸೆ ಮೇಲೆ ಇದೇ ವಾಸನೆ ಇತ್ತು. ಯಾವುದೋ ಹೊಸ ಸರಕು ಪರೀಕ್ಷೆ ಮಾಡಿರ್ತಾರೆ ಅಂದ್ಕೊಂಡೆ. ಅಂದ್ರೆ ಸಾಯೋ ರಾತ್ರಿ ಅವರು ಈ ಜಾಡಿ ಬಿಚ್ಚಿದ್ರು. ಮೋಸ ಅವರಿಗೆ ತಿಳಿದಿತ್ತು."

"ಇಲ್ಲಮ್ಮ, ನಿಂಗೆಲ್ಲೋ ಭ್ರಮೆ," ಎಂದರು ಖಲ್ಫಾನರು, ಸಮಾಧಾನದ ದನಿಯಲ್ಲಿ. "ಅವನು ಬಾಯಿಗೆ ಹಚ್ಚಲೇ ಇಲ್ಲ. ಮುಚ್ಚಳ ತೆಗೆದು ಒಂದ್ಸಲ ಮೂಸಿದ, ಹಾಗೇ ಮುಚ್ಚಿದ, ಅಷ್ಟೇ."

ನಸ್ರಾ ತಲೆ ಎತ್ತಿ ಖಲ್ಫಾನರನ್ನು ನೋಡಿದಳು.

ಆ ರಾತ್ರಿ ಹಿಲಾಲ್ ಉಗ್ರಾಣದಲ್ಲಿ ಒಬ್ಬನೇ ಇದ್ದ. ಹಾಗೆಂದು ಪೊಲೀಸರಿಗೆ, ವೈದ್ಯರಿಗೆ, ಇಡೀ ಊರಿಗೆ ಹೇಳಿದವರು ಈ ಬಿಳಿ ಗಡ್ಡದ ಹಿರಿಯರೇ.

ಖಲ್ಫಾನರ ಕೈಯ ಖಹ್ವಾ ಬಟ್ಟಲು ತುಟಿಯ ಹತ್ತಿರ ನಿಂತಿತ್ತು. ಅವರು ಅದನ್ನು ಬಹಳ ನಿಧಾನವಾಗಿ ತಟ್ಟೆಗಿಟ್ಟರು. "ಹೊತ್ತಾಯಿತು," ಎಂದರು. "ಗಾಲಿಯಾ, ಧೂಪ ತಾಮ್ಮ."

ಧೂಪ ಬಂತೆಂದರೆ ಕೂಟ ಮುಗಿದಂತೆ. ಗಡ್ಡಕ್ಕೆ ಹೊಗೆ ಹಿಡಿದ ಮೇಲೆ ಯಾವ ಮನೆಯಲ್ಲೂ ಯಾರೂ ಮತ್ತೆ ಕೂರುವುದಿಲ್ಲ, ಯಾರೂ ಕೂರಿಸುವುದೂ ಇಲ್ಲ. ಗಾಲಿಯಾ ಕಕ್ಕಾಬಿಕ್ಕಿಯಾಗಿ, ದೊಡ್ಡವರ ಮಾತು ಮೀರದ ಅಭ್ಯಾಸದಿಂದ, ಕೆಂಡದ ಬಟ್ಟಲು ತಂದಳು. ಮುದುಕರು ಬೆತ್ತಕ್ಕೆ ಕೈ ಹಾಕಿ, ಏಳಲು ಮೊಣಕಾಲು ಮಡಚಿದರು.

ನಸ್ರಾ ಇಕ್ಕಳದಿಂದ ಕೆಂಡ ಎತ್ತಿ ನೀರಿನ ಲೋಟಕ್ಕೆ ಹಾಕಿದಳು. ಅದು ಚುಂಯ್ ಎಂದಿತು.

"ಇವತ್ತು ಧೂಪ ಇಲ್ಲ ದೊಡ್ಡವರೇ," ಎಂದಳು. "ಕೂತ್ಕೊಳ್ಳಿ. ಆ ರಾತ್ರಿ ಹಿಲಾಲ್ ಮುಚ್ಚಳ ತೆಗೆದಾಗ ನೀವು ಎಲ್ಲಿ ನಿಂತಿದ್ರಿ?"